ಮಸುಕು ನೀಹಾರಿಕೆಗಳ ಫೋಟೋ ತೆಗೆಯುವುದು ಹೇಗೆ: ಗುರಿಯ ಆಯ್ಕೆಯಿಂದ ಕೊನೆಯ ಸ್ಟ್ರೆಚ್‌ವರೆಗೆ

180 ಸೆಕೆಂಡಿನ ಒಂದೇ ಒಂದು ಫ್ರೇಮನ್ನು ಪರದೆಯ ಮೇಲೆ ತೆರೆದು ನೋಡಿ. ಬೂದು ಹಿನ್ನೆಲೆ, ಅಲ್ಲಲ್ಲಿ ನಕ್ಷತ್ರಗಳು, ಮೇಲೆಲ್ಲಾ ಮರಳು ಎರಚಿದ ಹಾಗೆ ನಾಯ್ಸ್. ನೀಹಾರಿಕೆ ಇದೆ ಅಂತ ಗೊತ್ತಿರುವ ಜಾಗದಲ್ಲೂ ಏನೂ ಕಾಣುವುದಿಲ್ಲ. ಹೊಸಬರು ತುಂಬಾ ಜನ ಇಲ್ಲೇ ಕೈಬಿಡುತ್ತಾರೆ. ಅದೇ ಜಾಗದ 100 ಫ್ರೇಮ್‌ಗಳನ್ನು ಒಂದರ ಮೇಲೊಂದು ಕೂಡಿಸಿ ನೋಡಿದರೆ, ತೆಳುವಾದ ಕೆಂಪು ಪದರವೊಂದು ಮೆಲ್ಲಗೆ ಎದ್ದು ಬರುತ್ತದೆ. ಆ ಬೆಳಕು ಮೊದಲ ಫ್ರೇಮಿನಲ್ಲೂ ಇತ್ತು. ನಾಯ್ಸ್‌ನ ಅಡಿಯಲ್ಲಿ ಹೂತುಹೋಗಿತ್ತು, ಅಷ್ಟೇ.

ಲೆಕ್ಕ ಸರಳ. ಫ್ರೇಮ್‌ಗಳನ್ನು ಕೂಡಿಸುತ್ತಾ ಹೋದಂತೆ ಸಿಗ್ನಲ್, ಅಂದರೆ ನೀಹಾರಿಕೆಯ ಬೆಳಕು, ಅಷ್ಟೇ ಪಟ್ಟು ಬೆಳೆಯುತ್ತದೆ, ನಾಯ್ಸ್ ಮಾತ್ರ ಅದರ ವರ್ಗಮೂಲದಷ್ಟು ಬೆಳೆಯುತ್ತದೆ. 16 ಫ್ರೇಮ್ ಕೂಡಿಸಿದರೆ ಚಿತ್ರ 4 ಪಟ್ಟು ಸ್ವಚ್ಛ. 100 ಕೂಡಿಸಿದರೆ 10 ಪಟ್ಟು. ಈ ಮಾರ್ಗದರ್ಶಿಯಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಸುತ್ತಲೇ ಇದೆ. ದುಬಾರಿ ಟೆಲಿಸ್ಕೋಪಿಗಿಂತ ಒಂದೇ ಗುರಿಯ ಮೇಲೆ ಕಳೆದ ಗಂಟೆಗಳು ದೊಡ್ಡವು.

ಇದು ಹೊಸ ವಿಚಾರವೇನಲ್ಲ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯ ಮೊದಲ ಫೋಟೋ ತೆಗೆದರು. ಎಕ್ಸ್‌ಪೋಶರ್ 51 ನಿಮಿಷ. 1882ರಲ್ಲಿ ಅದೇ ನೀಹಾರಿಕೆಗೆ 137 ನಿಮಿಷ ಕೊಟ್ಟರು. ಮೊದಲ ಚಿತ್ರದಲ್ಲಿ ಇಲ್ಲದ ಎಷ್ಟೋ ಮಸುಕು ಭಾಗಗಳು ಎರಡನೆಯದರಲ್ಲಿ ಕಂಡವು. ಇವತ್ತು ಗಾಜಿನ ಪ್ಲೇಟಿನ ಜಾಗದಲ್ಲಿ ಸೆನ್ಸರ್ ಬಂದಿದೆ, ಮೂಲ ಉಪಾಯ ಅದೇ.

ಮೊದಲು ಬೆಳಕಿನ ಬಗೆ ತಿಳಿಯಿರಿ

ಎಲ್ಲ ನೀಹಾರಿಕೆಗಳನ್ನೂ ಒಂದೇ ರೀತಿ ಹಿಡಿಯಲು ಆಗುವುದಿಲ್ಲ. ಗುರಿ ಯಾವ ಬಗೆಯದು ಅಂತ ತಿಳಿಯದೆ ಫಿಲ್ಟರ್ ಕೊಂಡರೆ ದುಡ್ಡು ದಂಡ.

ಕೆಲವು ನೀಹಾರಿಕೆಗಳು ತಾವೇ ಹೊಳೆಯುತ್ತವೆ. ಹತ್ತಿರದ ಬಿಸಿ ನಕ್ಷತ್ರದ ನೇರಳಾತೀತ ಬೆಳಕು ಅನಿಲವನ್ನು ಕೆಣಕುತ್ತದೆ, ಅನಿಲ ತನ್ನದೇ ಕೆಲವು ಖಚಿತ ಬಣ್ಣಗಳಲ್ಲಿ ಬೆಳಕು ಬಿಡುತ್ತದೆ. ಮುಖ್ಯವಾದದ್ದು 656.3 ನ್ಯಾನೊಮೀಟರಿನ ಹೈಡ್ರೋಜನ್-ಆಲ್ಫಾ, ಕಡುಗೆಂಪು. ಆಮೇಲೆ 500.7 ನ್ಯಾನೊಮೀಟರಿನ ಆಕ್ಸಿಜನ್, ಹಸಿರು-ನೀಲಿ. ಗಂಧಕದ ಎರಡು ರೇಖೆಗಳು 671.6 ಮತ್ತು 673.1ರಲ್ಲಿ. ಬೆಳಕೆಲ್ಲ ಇಷ್ಟು ಕಿರಿದಾದ ಪಟ್ಟಿಗಳಲ್ಲಿ ಇರುವುದರಿಂದ, ಆ ಪಟ್ಟಿಯನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರ್ ಇಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಬೀದಿದೀಪದ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ. ಬೆಳದಿಂಗಳನ್ನೂ ತಕ್ಕಮಟ್ಟಿಗೆ ತಡೆಯಬಹುದು.

ಇನ್ನು ಕೆಲವು ಬರೀ ದೂಳಿನ ಮೋಡಗಳು. ಪಕ್ಕದ ನಕ್ಷತ್ರದ ಬೆಳಕನ್ನು ಚದುರಿಸಿ ನೀಲಿಯಾಗಿ ಕಾಣುತ್ತವೆ. ಕೃತ್ತಿಕೆಯ ಸುತ್ತ ಕಾಣುವ ನೀಲಿ ಹೊಗೆ, ಎಂ 78, ಮಾಟಗಾತಿ ತಲೆ ಅಂತ ಕರೆಯುವ ಐಸಿ 2118 ಈ ಗುಂಪಿನವು. ಇವುಗಳ ಬೆಳಕು ನಕ್ಷತ್ರದ ಬೆಳಕಿನಂತೆಯೇ ಎಲ್ಲ ಬಣ್ಣಗಳಲ್ಲೂ ಹರಡಿದೆ. ಕಿರಿದಾದ ಫಿಲ್ಟರ್ ಹಾಕಿದರೆ ನೀಹಾರಿಕೆಯೇ ಮಾಯ. ಕಪ್ಪು ನೀಹಾರಿಕೆಗಳ ಕತೆಯೂ ಹೆಚ್ಚುಕಡಿಮೆ ಇದೇ. ಆದರೆ ಹಿಂದಿನ ಪರದೆ ಹೈಡ್ರೋಜನ್ ಬೆಳಕಾಗಿದ್ದರೆ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ. ಕುದುರೆ ತಲೆ ನೀಹಾರಿಕೆ ಹಾಗೆಯೇ. ಐಸಿ 434ರ ಕೆಂಪು ಬೆಳಕಿನ ಎದುರು ನಿಂತ ದೂಳಿನ ನೆರಳು ಅದು. 1888ರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಹಾರ್ವರ್ಡ್‌ನ ಫೋಟೋ ಪ್ಲೇಟಿನಲ್ಲಿ ಅದನ್ನು ಗುರುತಿಸಿದ್ದರು.

ದೂಳಿನ ಗುರಿಗಳಿಗೆ ಕತ್ತಲೆಯ ಆಕಾಶವೇ ಮದ್ದು. ಆಕಾಶ ಎಷ್ಟು ಕತ್ತಲು ಅಂತ ಪ್ರತಿ ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಮ್ಯಾಗ್ನಿಟ್ಯೂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಮ್ಯಾಗ್ನಿಟ್ಯೂಡ್ ಅಂದರೆ ಪ್ರಖರತೆಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಮಸುಕು. ಅತಿ ಕತ್ತಲಿನ ಜಾಗ 22ರ ಹತ್ತಿರ, ದೀಪ ಜಾಸ್ತಿ ಇರುವ ಪಟ್ಟಣ 19 ಅಥವಾ ಅದಕ್ಕಿಂತ ಕಡಿಮೆ. ಒಂದು ಮ್ಯಾಗ್ನಿಟ್ಯೂಡ್ ಅಂದರೆ ಸುಮಾರು 2.5 ಪಟ್ಟು ವ್ಯತ್ಯಾಸ. ಮಸುಕು ವಸ್ತುವಿಗೆ ಬೇಕಾಗುವ ಒಟ್ಟು ಸಮಯವೂ ಅಷ್ಟೇ ಪಟ್ಟು ಏರುತ್ತದೆ. ಹಾಗಾಗಿ 22ರ ಆಕಾಶದಲ್ಲಿ ಒಂದು ಗಂಟೆಯಲ್ಲಿ ಸಿಗುವುದಕ್ಕೆ 19ರಲ್ಲಿ ಸುಮಾರು 16 ಗಂಟೆ ಬೇಕು. ಎರಡು ಗಂಟೆ ಪ್ರಯಾಣ ಮಾಡಿ ಕತ್ತಲಿಗೆ ಹೋಗುವುದು ಯಾಕೆ ಲಾಭ ಅಂತ ಈಗ ಗೊತ್ತಾಯ್ತಲ್ವಾ?

ಗುರಿ ಮತ್ತು ಅಳತೆ

ನೀಹಾರಿಕೆಗಳು ಸಣ್ಣವು ಅನ್ನೋದು ತಪ್ಪು ಕಲ್ಪನೆ. ಹುಣ್ಣಿಮೆ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. ಏಕಶೃಂಗಿ ನಕ್ಷತ್ರಪುಂಜದ ರೋಸೆಟ್ ನೀಹಾರಿಕೆ ಒಂದು ಡಿಗ್ರಿಗಿಂತ ಜಾಸ್ತಿ. ಪಾರ್ಥ (ಪರ್ಸಿಯಸ್) ನಕ್ಷತ್ರಪುಂಜದಲ್ಲಿರುವ ಕ್ಯಾಲಿಫೋರ್ನಿಯಾ ನೀಹಾರಿಕೆ ಸುಮಾರು ಎರಡೂವರೆ ಡಿಗ್ರಿ ಉದ್ದ. ಸಿಮೀಸ್ 147 ಅನ್ನುವ ಸೂಪರ್‌ನೋವಾ ಅವಶೇಷ (ಸ್ಫೋಟಿಸಿದ ನಕ್ಷತ್ರದ ಉಳಿಕೆ) ಮೂರು ಡಿಗ್ರಿ. ಇವು ಕಣ್ಣಿಗೆ ಕಾಣದಿರುವುದು ಮಸುಕಾಗಿರುವುದರಿಂದ, ಚಿಕ್ಕದಾಗಿರುವುದರಿಂದ ಅಲ್ಲ.

ನಿಮ್ಮ ಕ್ಯಾಮೆರಾದಲ್ಲಿ ಎಷ್ಟು ಆಕಾಶ ಹಿಡಿಸುತ್ತದೆ ಅಂತ ನೋಡಲು, ಸೆನ್ಸರಿನ ಅಗಲವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ 57.3ರಿಂದ ಗುಣಿಸಿ. 23.5 ಮಿಲಿಮೀಟರ್ ಅಗಲದ ಸೆನ್ಸರಿಗೆ 400 ಮಿಮೀ ಟೆಲಿಸ್ಕೋಪ್ ಕೂರಿಸಿದರೆ ಸುಮಾರು 3.4 ಡಿಗ್ರಿ. 135 ಮಿಮೀ ಲೆನ್ಸ್ ಆದರೆ 10 ಡಿಗ್ರಿ.

ಮೊದಲ ಗುರಿಯಾಗಿ ರಾಜಹಂಸ ನಕ್ಷತ್ರಪುಂಜದ ಉತ್ತರ ಅಮೆರಿಕ ನೀಹಾರಿಕೆಯನ್ನೇ ಹೇಳುತ್ತೇನೆ. ಪಟ್ಟಿಯಲ್ಲಿ ಅದು ಎನ್‌ಜಿಸಿ 7000. ದೊಡ್ಡದು, ಹೈಡ್ರೋಜನ್ ಬೆಳಕು ಧಾರಾಳ, ಪ್ರಖರ ನಕ್ಷತ್ರವಾದ ಡೆನೆಬ್‌ನ ಪಕ್ಕದಲ್ಲೇ ಇರುವುದರಿಂದ ಹುಡುಕುವ ಕಷ್ಟವಿಲ್ಲ. ಯಾವ ಗುರಿಯಾದರೂ ದಿಗಂತದಿಂದ 30 ಡಿಗ್ರಿ ಮೇಲೆ ಬಂದ ಮೇಲೆ ಶುರು ಮಾಡಿ. 30 ಡಿಗ್ರಿಯಲ್ಲಿ ಬೆಳಕು ನೆತ್ತಿಯ ಮೇಲಿಗಿಂತ ಎರಡರಷ್ಟು ಗಾಳಿಯ ಪದರ ದಾಟಿ ಬರಬೇಕು. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ತೆರೆದು, ಆ ರಾತ್ರಿ ಎಷ್ಟು ಹೊತ್ತು ಗುರಿ ಮೇಲಿರುತ್ತದೆ, ಚಂದ್ರ ಯಾವಾಗ ಹುಟ್ಟುತ್ತಾನೆ ಅಂತ ಹಗಲಿನಲ್ಲೇ ನೋಡಿಟ್ಟುಕೊಳ್ಳಿ.

ಸಲಕರಣೆ: ದುಡ್ಡು ಮೊದಲು ಮೌಂಟಿಗೆ

ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ. 400 ಮಿಮೀ ಟೆಲಿಸ್ಕೋಪ್, 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಹಿಡಿಯುವುದು ಬರೀ 1.9 ಆರ್ಕ್‌ಸೆಕೆಂಡ್. ಅಂದರೆ ಟ್ರ್ಯಾಕಿಂಗ್ (ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವುದು) ಇಲ್ಲದೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಎಂಟು ಪಿಕ್ಸೆಲ್ ದಾಟುತ್ತದೆ. ಸುಮ್ನೆ ಟ್ರೈಪಾಡ್ ಮೇಲೆ ಇಟ್ಟು ಮಸುಕು ನೀಹಾರಿಕೆ ಹಿಡಿಯುವುದು ಆಗದ ಮಾತು.

ಆದ್ದರಿಂದ ಧ್ರುವದತ್ತ ಅಕ್ಷ ತಿರುಗಿಸಬಹುದಾದ ಮೌಂಟ್, ಅಂದರೆ ಕ್ಯಾಮೆರಾವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಆಧಾರ, ಬೇಕೇ ಬೇಕು. ಇರುವ ಕ್ಯಾಮೆರಾ, 135 ಅಥವಾ 200 ಮಿಮೀ ಲೆನ್ಸ್, ಒಂದು ಸಣ್ಣ ಸ್ಟಾರ್ ಟ್ರ್ಯಾಕರ್, ಇಷ್ಟರಿಂದ ಶುರು ಮಾಡಿ. ಟೆಲಿಸ್ಕೋಪ್ ಕೊಳ್ಳುವ ದಿನ ಬಂದಾಗ 60ರಿಂದ 80 ಮಿಮೀ ವ್ಯಾಸದ, ಎಫ್/5 ಅಥವಾ ಎಫ್/6ರ (ಫೋಕಲ್ ಲೆಂತ್ ವ್ಯಾಸದ 5 ಅಥವಾ 6 ಪಟ್ಟು) ಅಪೋಕ್ರೊಮ್ಯಾಟಿಕ್ ವಕ್ರೀಕಾರಕ, ಅಂದರೆ ಬಣ್ಣದ ಅಂಚು ಮೂಡಿಸದ ಲೆನ್ಸ್ ಟೆಲಿಸ್ಕೋಪ್, ತಗೊಳ್ಳಿ. ದೊಡ್ಡ ಟೆಲಿಸ್ಕೋಪ್ ಕಂಡರೆ ಆಸೆಯಾಗುತ್ತದೆ, ನಿಜ. ಆದರೆ ಫೋಕಲ್ ಲೆಂತ್ ಹೆಚ್ಚಾದಷ್ಟೂ ಮೌಂಟಿನ ಪ್ರತಿ ತಪ್ಪೂ ಹಿಗ್ಗಿ ಕಾಣುತ್ತದೆ.

ಕ್ಯಾಮೆರಾ ಬಗ್ಗೆ ಒಂದು ಮುಖ್ಯ ವಿಷಯ. ಮಾಮೂಲಿ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಕ್ಯಾಮೆರಾಗಳ ಸೆನ್ಸರಿನ ಮುಂದಿರುವ ಫಿಲ್ಟರ್ ಹೈಡ್ರೋಜನ್-ಆಲ್ಫಾ ಬೆಳಕಿನ ಹೆಚ್ಚಿನ ಭಾಗವನ್ನು ತಡೆದುಬಿಡುತ್ತದೆ. ಅದನ್ನು ತೆಗೆಸಿ ಬೇರೆ ಹಾಕಿಸಿದ ಕ್ಯಾಮೆರಾ, ಇಲ್ಲವೇ ಖಗೋಳ ಕೆಲಸಕ್ಕೇ ಮಾಡಿದ ತಂಪುಗೊಳಿಸುವ ಕ್ಯಾಮೆರಾ, ಕೆಂಪು ನೀಹಾರಿಕೆಗಳಿಗೆ ದೊಡ್ಡ ವ್ಯತ್ಯಾಸ ತರುತ್ತದೆ. ದೂಳಿನ ನೀಲಿ ನೀಹಾರಿಕೆಗಳಿಗೆ ಮಾಮೂಲಿ ಕ್ಯಾಮೆರಾ ಸಾಕು.

ಧ್ರುವಕ್ಕೆ ಹೊಂದಿಸುವುದು

ಕತ್ತಲಾಗುವ ಮೊದಲೇ ಗಟ್ಟಿ ನೆಲ ನೋಡಿ ಟ್ರೈಪಾಡ್ ಊರಿ. ಮಟ್ಟ ನೋಡಿ, ತೂಕ ಸರಿದೂಗಿಸಿ. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಸುಮಾರು 0.6 ಡಿಗ್ರಿಯಷ್ಟು ಪಕ್ಕಕ್ಕಿದೆ. ಹಾಗಾಗಿ ಅದನ್ನೇ ನಡುವಿಗೆ ತಂದರೆ ಸಾಲದು, ಮೌಂಟಿನ ಅಕ್ಷದೊಳಗಿರುವ ಧ್ರುವ ದುರ್ಬೀನಿನ ವೃತ್ತದಲ್ಲಿ ಆ ಹೊತ್ತಿಗೆ ಅದು ಎಲ್ಲಿ ಕೂರಬೇಕೋ ಅಲ್ಲಿ ಕೂರಿಸಬೇಕು. ಧ್ರುವ ನಕ್ಷತ್ರ ಮರೆಯಾಗಿದ್ದರೆ ಅಥವಾ ನೀವು ದಕ್ಷಿಣಾರ್ಧ ಗೋಳದಲ್ಲಿದ್ದರೆ, ಗೈಡಿಂಗ್ (ನಕ್ಷತ್ರ ನೋಡಿ ಮೌಂಟ್ ತಿದ್ದುವ) ತಂತ್ರಾಂಶದಲ್ಲಿ ನಕ್ಷತ್ರ ಜಾರುವುದನ್ನು ಅಳೆಯುವ ಡ್ರಿಫ್ಟ್ ವಿಧಾನ ಅಥವಾ ಚಿತ್ರದ ನಕ್ಷತ್ರಗಳನ್ನು ನಕ್ಷೆಯ ಜೊತೆ ಹೋಲಿಸುವ ಪ್ಲೇಟ್ ಸಾಲ್ವಿಂಗ್ ವಿಧಾನ ಬಳಸಿ.

ಎಷ್ಟು ನಿಖರತೆ ಬೇಕು? 5 ಆರ್ಕ್‌ಮಿನಿಟ್ (ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ) ತಪ್ಪಿದ್ದರೆ ನಕ್ಷತ್ರ ಗಂಟೆಗೆ 78 ಆರ್ಕ್‌ಸೆಕೆಂಡ್‌ವರೆಗೆ ಜಾರುತ್ತದೆ, 5 ನಿಮಿಷದ ಫ್ರೇಮಿನಲ್ಲಿ ಆರೂವರೆ. ಅದು ಮೇಲಿನ ಉದಾಹರಣೆಯಲ್ಲಿ ಮೂರು ಪಿಕ್ಸೆಲ್ಲಿಗಿಂತ ಜಾಸ್ತಿ. 1 ಆರ್ಕ್‌ಮಿನಿಟ್‌ಗೆ ಇಳಿಸಿದರೆ ಚಿಂತೆ ಇಲ್ಲ. 200 ಮಿಮೀಗಿಂತ ಹೆಚ್ಚಿನ ಫೋಕಲ್ ಲೆಂತ್‌ಗೆ ಒಂದು ಸಣ್ಣ ಗೈಡ್ ಕ್ಯಾಮೆರಾವನ್ನೂ ಸೇರಿಸಿ. ಪಿಎಚ್‌ಡಿ2 ಅನ್ನುವ ಉಚಿತ ತಂತ್ರಾಂಶ ನಕ್ಷತ್ರವೊಂದನ್ನು ಹಿಡಿದುಕೊಂಡು ಮೌಂಟನ್ನು ಆಗಾಗ ತಿದ್ದುತ್ತಾ ಇರುತ್ತದೆ. ಗೈಡಿಂಗ್ ತಪ್ಪು ನಿಮ್ಮ ಪಿಕ್ಸೆಲ್ ಅಳತೆಗಿಂತ ಕಡಿಮೆ ಇದ್ದರೆ ಸಾಕು. ಅದನ್ನು ಇನ್ನೂ ಇಳಿಸುತ್ತಾ ಕೂತು ಕತ್ತಲೆಯ ಗಂಟೆಗಳನ್ನು ಕಳೆಯಬೇಡಿ.

ಫೋಕಸ್

ಇಲ್ಲಿ ಆತುರ ಬೇಡ. ಟೆಲಿಸ್ಕೋಪಿನ ಬಾಯಿಗೆ ಬಹ್ತಿನೋವ್ ಮಾಸ್ಕ್ (ಸೀಳುಗಳಿರುವ ಮುಚ್ಚಳ) ಹಾಕಿ ಒಂದು ಪ್ರಖರ ನಕ್ಷತ್ರಕ್ಕೆ ತಿರುಗಿಸಿ. ಪರದೆಯಲ್ಲಿ ಗುಣಾಕಾರದ ಹಾಗೆ ಎರಡು ಗೆರೆ ಹಾಯ್ದಿರುತ್ತವೆ, ಅವುಗಳ ನಡುವೆ ಮೂರನೆಯ ಗೆರೆ. ಫೋಕಸ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಆ ನಡುಗೆರೆ ಪಕ್ಕಕ್ಕೆ ಸರಿಯುತ್ತದೆ. ಕೈ ತೆಗೆದು, ಅಲುಗಾಟ ನಿಲ್ಲುವವರೆಗೆ ಕಾದು, ಮತ್ತೆ ನೋಡಿ. ಗುಣಾಕಾರ ಸೇರುವ ಬಿಂದುವಿನ ಮೇಲೆಯೇ ನಡುಗೆರೆ ಕೂತಾಗ ಫೋಕಸ್ ಸರಿ. ಎಫ್/5 ಟೆಲಿಸ್ಕೋಪಿನಲ್ಲಿ ಈ ಸರಿಯಾದ ಜಾಗದ ಒಟ್ಟು ಅಗಲ ಸುಮಾರು 60 ಮೈಕ್ರಾನ್, ಒಂದು ತಲೆಕೂದಲ ದಪ್ಪ.

ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ. ರಾತ್ರಿ ತಂಪಾದಂತೆ ಕೊಳವೆ ಕುಗ್ಗಿ ಫೋಕಸ್ ಜರುಗುತ್ತದೆ, ಗಂಟೆಗೊಮ್ಮೆ ಪರೀಕ್ಷಿಸಿ. ಲೆನ್ಸಿನ ಸುತ್ತ ಬಿಸಿಪಟ್ಟಿ ಸುತ್ತಿ. ಇಬ್ಬನಿ ಕೂತರೆ ಆ ರಾತ್ರಿ ಮುಗಿದ ಹಾಗೆ.

ಒಂದು ಫ್ರೇಮ್ ಎಷ್ಟು ಉದ್ದ?

ಒಂದೊಂದು ಫ್ರೇಮೂ ಆದಷ್ಟು ಉದ್ದ ಇರಬೇಕು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಪ್ರತಿ ಫ್ರೇಮ್ ಓದುವಾಗ ಸೆನ್ಸರ್ ಸ್ವಲ್ಪ ನಾಯ್ಸ್ ಸೇರಿಸುತ್ತದೆ, ಇದಕ್ಕೆ ರೀಡ್ ನಾಯ್ಸ್ ಅನ್ನುತ್ತಾರೆ. ಆಕಾಶದ ಹಿನ್ನೆಲೆ ಬೆಳಕಿನ ನಾಯ್ಸ್ ಇದನ್ನು ಮುಳುಗಿಸುವಷ್ಟು ಉದ್ದ ಇದ್ದರೆ ಸಾಕು. ಅದಕ್ಕಿಂತ ಉದ್ದ ಮಾಡಿದರೆ ಲಾಭ ಕಡಿಮೆ, ನಕ್ಷತ್ರಗಳ ಬಣ್ಣ ಸುಟ್ಟು ಬಿಳಿಯಾಗುವುದೇ ಜಾಸ್ತಿ.

ಲೆಕ್ಕ ಹೀಗೆ: ರೀಡ್ ನಾಯ್ಸ್‌ನ ವರ್ಗವನ್ನು 10ರಿಂದ ಗುಣಿಸಿ, ಆಕಾಶದ ಬೆಳಕು ಒಂದು ಪಿಕ್ಸೆಲ್ಲಿನಲ್ಲಿ ಪ್ರತಿ ಸೆಕೆಂಡ್ ಹುಟ್ಟಿಸುವ ಎಲೆಕ್ಟ್ರಾನ್‌ಗಳಿಂದ ಭಾಗಿಸಿ. ರೀಡ್ ನಾಯ್ಸ್ 1.5 ಎಲೆಕ್ಟ್ರಾನ್, ಆಕಾಶ ಸೆಕೆಂಡಿಗೆ 0.5 ಎಲೆಕ್ಟ್ರಾನ್ ಇದ್ದರೆ 22.5ನ್ನು 0.5ರಿಂದ ಭಾಗಿಸಿ 45 ಸೆಕೆಂಡ್. ಅದೇ ಜಾಗದಲ್ಲಿ ಕಿರಿದಾದ ಫಿಲ್ಟರ್ ಹಾಕಿ ಆಕಾಶ ಹತ್ತು ಪಟ್ಟು ಕತ್ತಲಾದರೆ 450 ಸೆಕೆಂಡ್. ಈ ಲೆಕ್ಕದಲ್ಲಿ ರೀಡ್ ನಾಯ್ಸ್‌ನಿಂದ ಒಟ್ಟು ನಾಯ್ಸ್ ಬರೀ 5 ಶೇಕಡಾದಷ್ಟು ಏರುತ್ತದೆ. ನ್ಯಾರೋಬ್ಯಾಂಡಿಗೆ (ಕಿರಿದಾದ ಫಿಲ್ಟರಿಗೆ) 5 ನಿಮಿಷದ ಫ್ರೇಮ್, ಫಿಲ್ಟರ್ ಇಲ್ಲದೆ 1ರಿಂದ 3 ನಿಮಿಷ ಅನ್ನುವ ರೂಢಿ ಬಂದಿರುವುದು ಇದರಿಂದಲೇ.

ಎಲೆಕ್ಟ್ರಾನ್ ಲೆಕ್ಕ ಬೇಡ ಅನ್ನುವವರು ಕ್ಯಾಮೆರಾದ ಹಿಸ್ಟೋಗ್ರಾಮ್ ನೋಡಿ, ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಎಷ್ಟೆಷ್ಟು ಪಿಕ್ಸೆಲ್ ಇವೆ ಅಂತ ತೋರಿಸುವ ನಕ್ಷೆ ಅದು. ಗುಡ್ಡೆ ಎಡ ಅಂಚಿನಿಂದ ಪೂರ್ತಿ ಬಿಡಿಸಿಕೊಂಡು, ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ನಿಂತಿರಲಿ. ಡಿಎಸ್‌ಎಲ್‌ಆರ್‌ಗಳಲ್ಲಿ ಐಎಸ್‌ಒ 800 ಅಥವಾ 1600. ಐಎಸ್‌ಒ ಏರಿಸಿದರೆ ಹೊಸ ಬೆಳಕೇನೂ ಬರುವುದಿಲ್ಲ. ಚಿತ್ರ ಯಾವಾಗಲೂ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ರೂಪದಲ್ಲೇ ಇರಲಿ, ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಆಫ್ ಮಾಡಿ.

ಒಂದು ಕೆಲಸವನ್ನು ಮಾತ್ರ ಬಿಡಲೇಬೇಡಿ: ಡಿದರಿಂಗ್. ಒಂದೆರಡು ಫ್ರೇಮಿಗೊಮ್ಮೆ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವುದು. ನಕ್ಷತ್ರಗಳನ್ನು ಜೋಡಿಸಿ ಕೂಡಿಸುವಾಗ ಸೆನ್ಸರಿನ ಕೆಟ್ಟ ಪಿಕ್ಸೆಲ್‌ಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತವೆ, ತಂತ್ರಾಂಶ ಅವನ್ನು ಹೊರಗೆ ಹಾಕುತ್ತದೆ. ಡಿದರಿಂಗ್ ಇಲ್ಲದಿದ್ದರೆ ಮಳೆ ಬಿದ್ದ ಗೆರೆಗಳಂತೆ ಓರೆಯಾದ ಗೀಚು ಚಿತ್ರದ ತುಂಬಾ ಬರುತ್ತದೆ. ಆಮೇಲೆ ಅದನ್ನು ತೆಗೆಯುವುದು ತುಂಬಾ ಕಷ್ಟ.

ಡಾರ್ಕ್, ಫ್ಲ್ಯಾಟ್, ಬಯಾಸ್

ಕ್ಯಾಮೆರಾ ತಾನೇ ಸೇರಿಸುವ ದೋಷಗಳನ್ನು ತೆಗೆಯಲು ಈ ಮೂರು ಬಗೆಯ ಫ್ರೇಮ್ ಬೇಕು. ಡಾರ್ಕ್ ಅಂದರೆ ಮುಚ್ಚಳ ಹಾಕಿ, ಅದೇ ಎಕ್ಸ್‌ಪೋಶರ್, ಅದೇ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ), ಅದೇ ತಾಪದಲ್ಲಿ ತೆಗೆದ ಫ್ರೇಮ್. 20ರಿಂದ 30 ಸಾಕು. ತಾಪ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದರೆ ಸೆನ್ಸರಿನ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಶಾಖದಿಂದ ಹುಟ್ಟುವ ಸಿಗ್ನಲ್) ಎರಡು ಪಟ್ಟಾಗುತ್ತದೆ. ಆದ್ದರಿಂದ ಬೇರೆ ರಾತ್ರಿಯ ಡಾರ್ಕ್ ತಂಪುಗೊಳಿಸದ ಕ್ಯಾಮೆರಾಗೆ ಸರಿಹೊಂದುವುದು ಕಷ್ಟ. ಬಯಾಸ್ ಅಂದರೆ ಅತಿ ಕಿರಿದಾದ ಎಕ್ಸ್‌ಪೋಶರಿನ ಕತ್ತಲು ಫ್ರೇಮ್.

ಮಸುಕು ನೀಹಾರಿಕೆಗೆ ನಿಜವಾಗಿ ಪ್ರಾಣ ಇರುವುದು ಫ್ಲ್ಯಾಟ್‌ನಲ್ಲಿ. ಸಮನಾಗಿ ಬೆಳಗುವ ಬಿಳಿ ಪರದೆಯನ್ನೋ, ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮುಂಜಾವಿನ ಆಕಾಶವನ್ನೋ ತೆಗೆದ ಫ್ರೇಮ್ ಅದು. ಲೆನ್ಸಿನ ಅಂಚು ಕಪ್ಪಾಗುವುದು, ಸೆನ್ಸರಿನ ಮೇಲಿನ ದೂಳಿನ ಬಳೆಯಾಕಾರದ ಕಲೆಗಳು ಇದರಿಂದ ಸರಿಯಾಗುತ್ತವೆ. ನಾವು ಹುಡುಕುವ ಬೆಳಕು ಆಕಾಶದ ಹಿನ್ನೆಲೆಗಿಂತ ಶೇಕಡಾ ಒಂದೆರಡರಷ್ಟೇ ಮೇಲಿರುವಾಗ, ದೂಳಿನ ಒಂದು ಕಲೆ ನೀಹಾರಿಕೆಗಿಂತ ಎದ್ದು ಕಾಣುತ್ತದೆ. ಒಮ್ಮೆ ನಾನು ಆರು ಗಂಟೆಯ ಡೇಟಾ ತೆಗೆದು, ಫ್ಲ್ಯಾಟ್ ತೆಗೆಯುವ ಮೊದಲೇ ಕ್ಯಾಮೆರಾ ಬಿಚ್ಚಿಟ್ಟೆ. ಮತ್ತೆ ಕೂರಿಸಿದಾಗ ಕೋನ ಸ್ವಲ್ಪ ಬದಲಾಗಿತ್ತು. ಪ್ರತಿ ಕಲೆಯ ಪಕ್ಕದಲ್ಲೂ ಅದರದೇ ಬಿಳಿ ಜೋಡಿ ಮೂಡಿತು. ಆ ಆರು ಗಂಟೆಯನ್ನು ಇವತ್ತಿಗೂ ಪೂರ್ತಿ ಸರಿಪಡಿಸಲು ಆಗಿಲ್ಲ. ಫೋಕಸ್, ಕ್ಯಾಮೆರಾ ಕೋನ, ಫಿಲ್ಟರ್ ಯಾವುದನ್ನೂ ಮುಟ್ಟದೆ ಫ್ಲ್ಯಾಟ್ ತೆಗೆಯಿರಿ.

ಎಷ್ಟು ಗಂಟೆ ಬೇಕು?

ಒಂದು ಗಂಟೆಯ ಚಿತ್ರಕ್ಕಿಂತ ಎರಡು ಪಟ್ಟು ಸ್ವಚ್ಛ ಬೇಕಾದರೆ 4 ಗಂಟೆ, ಅದಕ್ಕೂ ಎರಡು ಪಟ್ಟು ಅಂದರೆ 16 ಗಂಟೆ. ಮಹಾವ್ಯಾಧದ ಎಂ 42 ಒಂದು ಗಂಟೆಯಲ್ಲೇ ಚೆನ್ನಾಗಿ ಬರುತ್ತದೆ. ಎನ್‌ಜಿಸಿ 7000, ರೋಸೆಟ್‌ಗೆ 4ರಿಂದ 6 ಗಂಟೆ ಇಟ್ಟುಕೊಳ್ಳಿ. ಸಿಮೀಸ್ 147ರಂಥದ್ದಕ್ಕೆ 15, 20 ಗಂಟೆಯಾದರೂ ಕೊಡಿ. ಒಂದೇ ರಾತ್ರಿಯಲ್ಲಿ ಇದು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪ್ಲೇಟ್ ಸಾಲ್ವಿಂಗ್ ಮಾಡುವ ತಂತ್ರಾಂಶ ಚಿತ್ರದ ನಕ್ಷತ್ರಗಳನ್ನು ನಕ್ಷೆಯ ಜೊತೆ ಹೋಲಿಸಿ, ಮುಂದಿನ ರಾತ್ರಿ ಟೆಲಿಸ್ಕೋಪನ್ನು ಅದೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಒಂದು ರಾತ್ರಿಗೆ ನಾಲ್ಕು ಗುರಿ ಅನ್ನುವ ಆಸೆ ಬಿಟ್ಟು, ನಾಲ್ಕು ರಾತ್ರಿಗೆ ಒಂದು ಗುರಿ ಇಟ್ಟುಕೊಂಡ ಮೇಲೆಯೇ ನನ್ನ ಚಿತ್ರಗಳು ಬದಲಾದದ್ದು.

ಗಂಟೆಗಳಿಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ಒಂದು ನಿಜ ಸಂಗತಿ. ಆಂಡ್ರೊಮಿಡ ಗ್ಯಾಲಕ್ಸಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜಗತ್ತಿನ ಎಲ್ಲರೂ ಫೋಟೋ ತೆಗೆದಿದ್ದಾರೆ. 2022ರಲ್ಲಿ ಯಾನ್ ಸೈಂಟಿ, ಮಾರ್ಸೆಲ್ ಡ್ರೆಕ್ಸ್ಲರ್, ಝೇವಿಯರ್ ಸ್ಟ್ರಾಟ್ನರ್ ಅನ್ನುವ ಹವ್ಯಾಸಿಗಳು ಸಣ್ಣ ಟೆಲಿಸ್ಕೋಪಿಗೆ ಆಕ್ಸಿಜನ್ ಫಿಲ್ಟರ್ ಹಾಕಿ, ಹಲವು ರಾತ್ರಿಗಳ ಡೇಟಾ ಕೂಡಿಸಿ ನೋಡಿದಾಗ ಅದರ ಪಕ್ಕದಲ್ಲಿ ಯಾರೂ ಕಂಡಿರದ ದೊಡ್ಡ ಕಮಾನೊಂದು ಸಿಕ್ಕಿತು.

ಕೂಡಿಸುವುದು, ಹೊರಗೆ ತರುವುದು

ಸಿರಿಲ್ ಅನ್ನುವ ಉಚಿತ ತಂತ್ರಾಂಶ ಸಾಕು. ಮೊದಲು ಕಣ್ಣಾಡಿಸಿ, ಮೋಡ ಬಂದ ಮತ್ತು ನಕ್ಷತ್ರ ಉದ್ದವಾದ ಫ್ರೇಮ್‌ಗಳನ್ನು ತೆಗೆದುಹಾಕಿ. ಉಪಗ್ರಹದ ಗೆರೆ ಇರುವುದನ್ನು ತೆಗೆಯಬೇಡಿ, 20ಕ್ಕಿಂತ ಹೆಚ್ಚು ಫ್ರೇಮ್ ಇದ್ದರೆ ಸಿಗ್ಮಾ ಕ್ಲಿಪ್ಪಿಂಗ್ (ಉಳಿದ ಫ್ರೇಮ್‌ಗಳಿಗೆ ಹೊಂದದ ಪಿಕ್ಸೆಲ್ ಬಿಡುವ ವಿಧಾನ) ಅದನ್ನು ತಾನೇ ಅಳಿಸುತ್ತದೆ.

ಫ್ರೇಮ್‌ಗಳನ್ನು ಕೂಡಿಸುವ ಕೆಲಸ (ಸ್ಟ್ಯಾಕ್) ಮುಗಿದಾಗ ಪರದೆ ಹೆಚ್ಚುಕಡಿಮೆ ಕಪ್ಪಾಗಿರುತ್ತದೆ. ಗಾಬರಿ ಬೇಡ, ಡೇಟಾ ಎಲ್ಲ ಎಡತುದಿಯಲ್ಲಿ ಒತ್ತಿಕೊಂಡಿದೆ. ಕೆಲಸದ ಕ್ರಮ ಮುಖ್ಯ. ಮೊದಲು ಅಂಚುಗಳನ್ನು ಕತ್ತರಿಸಿ. ಆಮೇಲೆ ದೀಪದ ಬೆಳಕಿನಿಂದ ಬಂದ ಹಿನ್ನೆಲೆಯ ಏರಿಳಿತ ತೆಗೆಯಿರಿ. ಇಲ್ಲಿ ನೀಹಾರಿಕೆಯ ಮೇಲೆ ಮಾದರಿ ಬಿಂದು ಇಟ್ಟರೆ ತಂತ್ರಾಂಶ ಅದನ್ನೂ ಹಿನ್ನೆಲೆ ಅಂದುಕೊಂಡು ಅಳಿಸಿಬಿಡುತ್ತದೆ. ಮಸುಕು ಭಾಗ ಎಲ್ಲಿವರೆಗೆ ಹರಡಿದೆ ಅಂತ ಬೇರೆಯವರ ಒಳ್ಳೆಯ ಚಿತ್ರ ನೋಡಿಕೊಂಡೇ ಬಿಂದುಗಳನ್ನು ಇಡಿ. ಅದಾದ ಮೇಲೆ ನಕ್ಷತ್ರಗಳ ಆಧಾರದಲ್ಲಿ ಬಣ್ಣ ಹೊಂದಿಸುವುದು.

ಈಗ ಸ್ಟ್ರೆಚ್, ಅಂದರೆ ಎಡತುದಿಯಲ್ಲಿ ಒತ್ತಿಕೊಂಡ ಮಸುಕು ಬೆಳಕನ್ನು ಹಿಗ್ಗಿಸಿ ಕಾಣುವಂತೆ ಮಾಡುವುದು. ಒಂದೇ ಏಟಿಗೆ ಎಳೆಯಬೇಡಿ. ಮೊದಲು ಸ್ಟಾರ್‌ನೆಟ್ ಅನ್ನುವ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರೆ ಪದರಕ್ಕೆ ತೆಗೆದಿಡಿ. ಉಳಿದ ನೀಹಾರಿಕೆಯ ಪದರದಲ್ಲಿ ಹಿಸ್ಟೋಗ್ರಾಮಿನ ನಡುಬಿಂದುವನ್ನು ಸ್ವಲ್ಪ ಎಡಕ್ಕೆ ಎಳೆಯಿರಿ, ಒಪ್ಪಿಸಿ, ಮತ್ತೆ ಸ್ವಲ್ಪ ಎಳೆಯಿರಿ. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಕಪ್ಪಿನೊಳಗಿಂದ ಎಳೆಗಳು ಕಾಣತೊಡಗುತ್ತವೆ. ಕಪ್ಪು ಬಿಂದುವನ್ನು ಗುಡ್ಡೆಯೊಳಗೆ ತರಬೇಡಿ, ಹಾಗೆ ಮಾಡಿದರೆ ಇಷ್ಟು ರಾತ್ರಿ ಕೂಡಿಟ್ಟ ಮಸುಕು ಬೆಳಕನ್ನೇ ಕತ್ತರಿಸಿದಂತೆ. ಹಿನ್ನೆಲೆ ಪೂರ್ತಿ ಕಪ್ಪಾಗದೆ ಕಡು ಬೂದಾಗಿ ಉಳಿಯಲಿ. ನಾಯ್ಸ್ ತೆಗೆಯುವ ಸಾಧನವನ್ನು ಹಗುರವಾಗಿ ಬಳಸಿ. ಇಲ್ಲದ ಎಳೆ ಹುಟ್ಟುವ ಮಟ್ಟಕ್ಕೆ ಹೋದರೆ ಅದು ನೀವು ಹಿಡಿದ ಆಕಾಶವಲ್ಲ. ಕೊನೆಗೆ ನಕ್ಷತ್ರಗಳನ್ನು ಕಡಿಮೆ ಸ್ಟ್ರೆಚ್ ಮಾಡಿ ವಾಪಸ್ ಸೇರಿಸಿ.

ಸ್ಟ್ರೆಚ್ ಮಾಡದ ಸ್ಟ್ಯಾಕ್, ಎಲ್ಲ ಮೂಲ ಫ್ರೇಮ್‌ಗಳು, ಆ ರಾತ್ರಿಯ ಫ್ಲ್ಯಾಟ್‌ಗಳನ್ನು ತಾರೀಖು ಬರೆದು ಬೇರೆ ಡಿಸ್ಕಿನಲ್ಲಿ ಇಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಆ ನೀಹಾರಿಕೆ ಅದೇ ಹೊತ್ತಿಗೆ ಅದೇ ಎತ್ತರಕ್ಕೆ ಬರುತ್ತದೆ. ಈ ಸಲದ 6 ಗಂಟೆಗೆ ಆಗ ಇನ್ನೊಂದು 6 ಗಂಟೆ ಸೇರಿಸಬಹುದು.